ಶಾಲು ಬೇಡ, ನುಡಿಸಲು ಸಮಯ ಕೊಡಿ

ಮಾನ್ಯ ಸಂಪಾದಕರೆ,

ಎಂಬತ್ತರ ಆಸುಪಾಸಿನ ರಾಕ್ ಗಿಟಾರ್ ವಾದಕರು ಇನ್ನೂ ವೇದಿಕೆ ಏರುವುದು ಶೋಭೆಯಲ್ಲ, ‘ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂಬಂಥ ವಯಸ್ಸಿನಲ್ಲಿ ಅವರು ಕಿರಿಯರಿಗೆ ಜಾಗ ಬಿಟ್ಟುಕೊಟ್ಟು ಮನೆಯಲ್ಲಿರಬೇಕು ಎಂದು ತಮ್ಮ ಪತ್ರಿಕೆಯ ಓದುಗರೊಬ್ಬರು ಈಚೆಗೆ ಬರೆದ ಪತ್ರವನ್ನು ಓದಿದೆ. ಆ ಮಾತು ದೂರದ ಇಂಗ್ಲೆಂಡ್, ಅಮೆರಿಕದ ಪ್ರಸಿದ್ಧರಿಗಷ್ಟೇ ಅನ್ವಯಿಸುವಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವರ ಪರವಾಗಿ ಮಾತನಾಡಲು ಜಗತ್ತಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಅದೇ ಮಾತನ್ನು ಬಾಯಿಬಿಟ್ಟು ಹೇಳದೆ, ಹಾರ ಹಾಕಿ, ಶಾಲು ಹೊದೆಸಿ, ನಮ್ಮ ಕಾರವಾರದ ಹಿರಿಯ ಗಿಟಾರ್ ವಾದಕರೊಬ್ಬರಿಗೆ ಮನದಟ್ಟು ಮಾಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಪರವಾಗಿ ಬರೆಯುವವರು ಯಾರೂ ಇಲ್ಲದಿರುವುದರಿಂದ ಈ ಪತ್ರ.

ಅವರಿಗೆ ಈಗ 76 ವರ್ಷ. ಹೆಸರು ಹಾಕಬಾರದೆಂದು ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರವನ್ನು ಸೇರುವ ಜಾಗಕ್ಕೆ ಸಮೀಪದಲ್ಲಿ ಅವರ ಮನೆಯಿದೆ. ಹಡಗಿನಲ್ಲಿ ನೌಕರಿ ಮಾಡುತ್ತಿದ್ದ ಸೋದರಮಾವ ರಜೆಗೆ ಬಂದಾಗಲೆಲ್ಲ ತರುತ್ತಿದ್ದ ಗ್ರಾಮಾಫೋನ್ ತಟ್ಟೆಗಳು ಮತ್ತು ರಾತ್ರಿ ಹೊತ್ತು ಅಲೆಅಲೆಯಾಗಿ ಕೇಳಿಸುತ್ತಿದ್ದ ಸಿಲೋನ್ ರೇಡಿಯೊ, ಇವೆರಡೇ ಅವರ ಗುರುಗಳು. ಕೋಲ್ಕತ್ತದಲ್ಲಿ ತಯಾರಾದ ಗಿವ್ಸನ್ ಗಿಟಾರೊಂದನ್ನು ಯಾರಿಂದಲೋ ಹಳೆಯದಾಗಿ ಕೊಂಡು, ಹಗಲು ವರ್ಕ್‌ಶಾಪಿನಲ್ಲಿ ದುಡಿದು, ಸಂಜೆ ಮದುವೆಯ ಆರತಕ್ಷತೆಗಳಲ್ಲಿ, ಚರ್ಚಿನ ಫೆಸ್ತ್‌ಗಳಲ್ಲಿ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಅವರು ಐವತ್ತು ವರ್ಷಕ್ಕೂ ಹೆಚ್ಚು ಕಾಲ ನುಡಿಸಿದ್ದಾರೆ. ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡಿಗೆ ಲೀಡ್, ಅಂದರೆ ಮುಖ್ಯ ಗಿಟಾರಿನ ಭಾಗ, ನುಡಿಸುವುದು ಹೊಟ್ಟೆಪಾಡಿಗಾಗಿತ್ತು. ಕೊನೆಯ ಹಾಡು ಮುಗಿದು ಜನ ಎದ್ದು ಹೋಗುವ ಹೊತ್ತಿಗೆ, ಉಳಿದ ಹತ್ತಿಪ್ಪತ್ತು ಮಂದಿಗಾಗಿ ಅವರು ನುಡಿಸುತ್ತಿದ್ದ ರಾಕ್ ಮತ್ತು ಅದರ ಮೂಲಗಳಲ್ಲೊಂದಾದ ಬ್ಲೂಸ್ ಅವರ ಸ್ವಂತದ ಸಂಗೀತವಾಗಿತ್ತು. ಆ ಹತ್ತಿಪ್ಪತ್ತು ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ.

ಕಡಲ ದಂಡೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಳ್ಳುವುದೆಂದರೆ ಉಪ್ಪುಗಾಳಿಯ ಜೊತೆ ದಿನವೂ ಹೋರಾಡಿದಂತೆ. ಮಳೆಗಾಲದಲ್ಲಿ ಹೊಸ ಉಕ್ಕಿನ ತಂತಿ ಕೂಡ ಕೆಲವೇ ವಾರಗಳಲ್ಲಿ ತುಕ್ಕು ಹಿಡಿದು ಬೆರಳಿಗೆ ಒರಟಾಗಿ ಹತ್ತುತ್ತದೆ. ನುಡಿಸಿ ಮುಗಿಸಿದ ಕೂಡಲೇ ಆರೂ ತಂತಿಗಳನ್ನು ಒಂದೊಂದಾಗಿ ಒಣಬಟ್ಟೆಯಿಂದ ಒರೆಸಿ, ಗಿಟಾರನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಚಪ್ಪಲಿ ಡಬ್ಬಿಗಳಿಂದ ಕೂಡಿಟ್ಟ ತೇವ ಹೀರುವ ಪೊಟ್ಟಣಗಳನ್ನು ಜೊತೆಗಿಟ್ಟು ಪೆಟ್ಟಿಗೆ ಮುಚ್ಚುವ ಅಭ್ಯಾಸವನ್ನು ಅವರು ಒಂದು ದಿನವೂ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಹೊಸ ತಂತಿ ಬೇಕಾದರೆ ಇಂದಿಗೂ ರೈಲು ಹತ್ತಿ ಮಡಗಾಂವಕ್ಕೆ ಹೋಗಿ ತರುತ್ತಾರೆ.

ಎರಡು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಸಮಾರಂಭದವರು ಹಿರಿಯ ಕಲಾವಿದರೆಂದು ಅವರನ್ನು ಸನ್ಮಾನಕ್ಕೆ ಕರೆದರು. ಸನ್ಮಾನವಾದ ಮೇಲೆ ಹದಿನೈದು ನಿಮಿಷ ನುಡಿಸಬಹುದೆಂದು ಫೋನಿನಲ್ಲಿ ಹೇಳಿದ್ದರಿಂದ, ಡ್ರಮ್ಸ್‌ಗೆ ಮತ್ತು ಬೇಸ್ ಗಿಟಾರ್‌ಗೆ ಇಬ್ಬರು ಹುಡುಗರನ್ನು ಕೂಡಿಸಿಕೊಂಡು ಮೂರು ವಾರ ಅಭ್ಯಾಸ ಮಾಡಿದರು. ಅಂದು ಭಾಷಣಗಳು ಮುಗಿಯುವಾಗಲೇ ಎಂಟು ಗಂಟೆ ದಾಟಿತ್ತು. ನಿರೂಪಕರು ಅವರ ಸಾಧನೆಯನ್ನು ಓದಿ ಹೇಳಿದರು. ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಲ್ಲವೂ ಆಯಿತು, ಫೋಟೊ ತೆಗೆದರು. ಬಳಿಕ ಅವರು ಗಿಟಾರಿನ ಪೆಟ್ಟಿಗೆ ತೆರೆಯಲು ಬಗ್ಗಿದಾಗ ಒಬ್ಬ ಯುವಕ ಬಂದು, ಮುಂಬೈಯಿಂದ ಬಂದ ತಂಡದವರು ಸೌಂಡ್ ಚೆಕ್ ಮಾಡಬೇಕಾಗಿದೆ, ‘ಮುಂದಿನ ವರ್ಷ ನೋಡೋಣ ಅಂಕಲ್’ ಎಂದ. ಆ ಯುವಕ ಒರಟಾಗಿ ಹೇಳಲಿಲ್ಲ, ಅವನ ಮೇಲೂ ಯಾರದೋ ಒತ್ತಡವಿದ್ದಿರಬೇಕು. ನನ್ನ ಸ್ನೇಹಿತರಾದ ಆ ಹಿರಿಯರು ಒಂದು ಮಾತನ್ನೂ ಆಡದೆ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದರು. ಹಣ್ಣಿನ ಬುಟ್ಟಿಯನ್ನು ನಾನು ಹಿಡಿದುಕೊಂಡೆ. ಮನೆ ತಲುಪಿದ ಮೇಲೆ ಶಾಲನ್ನು ಮಡಿಸುತ್ತ ಅವರು ಹೇಳಿದರು: ‘ಮಾಸ್ತರೆ, ಇಂಥವು ಕಪಾಟಿನಲ್ಲಿ ಆಗಲೇ ಏಳಿವೆ. ಒಂದು ಪ್ಲಗ್ ಪಾಯಿಂಟ್ ಕೊಟ್ಟಿದ್ದರೆ ಸಾಕಿತ್ತು.’

ರಾಕ್ ಸಂಗೀತಕ್ಕೂ ಮುಪ್ಪಿಗೂ ಹೊಂದುವುದಿಲ್ಲವೆಂಬ ಭಾವನೆ ಎಲ್ಲಿಂದ ಬಂತೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಆ ಸಂಗೀತ ರೂಪುಗೊಂಡದ್ದು 1950ರ ದಶಕದಲ್ಲಿ, ಹದಿಹರೆಯದವರ ಸಂಗೀತವಾಗಿ. ಆಗ ಅದರಲ್ಲಿ ವೃದ್ಧರು ಇರುವುದಕ್ಕೆ ಸಾಧ್ಯವೇ ಇರಲಿಲ್ಲ. ಅದನ್ನು ಜಗತ್ತಿಗೆಲ್ಲ ಹಬ್ಬಿಸಿದ ಗಿಟಾರ್ ವಾದಕರ ಹುಟ್ಟಿದ ವರ್ಷಗಳನ್ನು ನೋಡಿ: ಕೀತ್ ರಿಚರ್ಡ್ಸ್ 1943, ಜಿಮ್ಮಿ ಪೇಜ್ 1944, ಎರಿಕ್ ಕ್ಲಾಪ್ಟನ್ 1945, ಡೇವಿಡ್ ಗಿಲ್ಮೋರ್ 1946, ಬ್ರಯಾನ್ ಮೇ ಮತ್ತು ಕಾರ್ಲೋಸ್ ಸಂಟಾನಾ 1947. ಐದೇ ವರ್ಷಗಳ ಅಂತರದಲ್ಲಿ ಹುಟ್ಟಿದ ಇವರು ಒಂದೇ ಪೀಳಿಗೆಯಾಗಿ ಬೆಳೆದು, ಈಗ ಒಟ್ಟಿಗೇ ಮುಪ್ಪಿಗೆ ಕಾಲಿಟ್ಟಿದ್ದಾರೆ. ಇವರಿಗಿಂತ ಮೊದಲು ಆ ಹಾದಿಯಲ್ಲಿ ನಡೆದು ಮುದುಕರಾದವರು ಬೆರಳೆಣಿಕೆಯಷ್ಟು. 1926ರಲ್ಲಿ ಹುಟ್ಟಿದ ಚಕ್ ಬೆರ್‍ರಿ ತಮ್ಮ ಊರಾದ ಸೇಂಟ್ ಲೂಯಿಸ್‌ನ ಒಂದು ಚಿಕ್ಕ ಸಭಾಂಗಣದಲ್ಲಿ 1996ರಿಂದ 2014ರವರೆಗೆ ತಿಂಗಳಿಗೊಮ್ಮೆಯಂತೆ ಒಟ್ಟು 209 ಸಲ ನುಡಿಸಿದರು; ನಿಲ್ಲಿಸುವಾಗ ಅವರಿಗೆ ಸುಮಾರು 88 ವರ್ಷ. ಬ್ಲೂಸ್‌ನ ಬಿ.ಬಿ. ಕಿಂಗ್ ಕುರ್ಚಿಯಲ್ಲಿ ಕುಳಿತು 89ನೆಯ ವಯಸ್ಸಿನವರೆಗೂ ನುಡಿಸಿದರು. ಹಾಗಾಗಿ ವಯಸ್ಸಾದವರ ರಾಕ್ ಗಿಟಾರ್ ವಾದನ ಹೇಗಿರುತ್ತದೆ ಎಂಬುದನ್ನು ಇಡೀ ಒಂದು ಪೀಳಿಗೆಯ ಮಟ್ಟದಲ್ಲಿ ಮನುಷ್ಯಕುಲ ನೋಡುತ್ತಿರುವುದು ಇದೇ ಮೊದಲ ಸಲ. ನೋಡಿ ಅಭ್ಯಾಸವಿಲ್ಲದ್ದು ಕಣ್ಣಿಗೆ ಹೊಂದದಂತೆ ಕಾಣುತ್ತದೆ, ಅಷ್ಟೆ.

ಆದರೆ ಉತ್ತರ ಕನ್ನಡದವರಾದ ನಮಗೆ ಈ ದೃಶ್ಯ ಹೊಸದಲ್ಲ. ಹೊನ್ನಾವರ ತಾಲ್ಲೂಕಿನ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 79ನೆಯ ವಯಸ್ಸಿನಲ್ಲಿ, 2012ರಲ್ಲಿ, ಪದ್ಮಶ್ರೀ ಪಡೆದರು. ಪ್ರಶಸ್ತಿ ಬಂದಿತೆಂದು ಅವರು ಗೆಜ್ಜೆ ಬಿಚ್ಚಿಡಲಿಲ್ಲ. ತೀರಿಕೊಂಡ 2017ರಲ್ಲಿಯೂ, 84ರ ಹರೆಯದಲ್ಲಿ, ಅವರು ರಂಗಸ್ಥಳಕ್ಕೆ ಬಂದಿದ್ದರು. ಭಸ್ಮಾಸುರನಾಗಿ, ಕೀಚಕನಾಗಿ ಅವರನ್ನು ನೋಡಲು ರಾತ್ರಿಯಿಡೀ ನಿದ್ದೆಗೆಟ್ಟ ನಮ್ಮ ಜನ, ಕೀಚಕನಿಗೆ ಇಷ್ಟು ವಯಸ್ಸೇ ಎಂದು ಕೇಳಲಿಲ್ಲ. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರುವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷದಲ್ಲಿ ಕುಣಿದ ರಾತ್ರಿಯೇ ಕೊನೆಯುಸಿರೆಳೆದರು. ಅದನ್ನು ನೆನೆದು ಇಂದಿಗೂ ನಮ್ಮ ಕಣ್ಣು ತೇವವಾಗುತ್ತದೆ, ಆ ವಯಸ್ಸಿನಲ್ಲಿ ಅವರು ಕುಣಿಯಬಾರದಿತ್ತೆಂದು ನಾನು ಯಾರ ಬಾಯಿಂದಲೂ ಕೇಳಿಲ್ಲ. ಘಟ್ಟದ ಮೇಲಿನ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಮುಪ್ಪಿನಲ್ಲಿ ಹಾಡಿದ್ದನ್ನು ಅವರ ಯೌವನದ ಹಾಡಿಕೆಗಿಂತ ಮಿಗಿಲೆಂದು ಎಣಿಸುವವರು ನಾವು. ಕಲೆಯ ವಿಷಯದಲ್ಲಿ ವಯಸ್ಸನ್ನು ಇಷ್ಟು ಗೌರವದಿಂದ ಕಾಣುವ ಜನ, ಕೈಯಲ್ಲಿರುವುದು ಗಿಟಾರ್ ಎಂದ ಕೂಡಲೇ ಬೇರೊಂದು ಅಳತೆಗೋಲು ಹಿಡಿಯುವುದು ನನಗೆ ಅರ್ಥವಾಗದು.

ವಯಸ್ಸಾದ ಕೈ ಗಿಟಾರಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಟೀಕಿಸುವ ಹಲವರಿಗೆ ಅದು ತಿಳಿದಿರುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತೆಳುವಾದ ತಂತಿಗಳನ್ನೇ ಹಾಕಿದರೂ ಆರೂ ಸೇರಿ ಅದರ ಕುತ್ತಿಗೆಯನ್ನು ಎಳೆಯುವ ಬಲ ಸುಮಾರು 40 ಕಿಲೋಗ್ರಾಂ ಭಾರಕ್ಕೆ ಸಮನಾಗಿರುತ್ತದೆ. ಸಿತಾರಿನಲ್ಲಿ ಮೀಂಡ್ ತೆಗೆಯುವಂತೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸಬೇಕಾದರೆ ಆ ಬಿಗಿತದ ವಿರುದ್ಧ ಬೆರಳಿನ ಗಂಟುಗಳು ಕೆಲಸ ಮಾಡಬೇಕು. ಜೊತೆಗೆ ಎಡ ಹೆಗಲಿನಿಂದ ನೇತಾಡುವ ಮೂರೂವರೆ, ನಾಲ್ಕು ಕಿಲೋಗ್ರಾಂ ಮರದ ಭಾರ. ನನ್ನ ಸ್ನೇಹಿತರಿಗೆ ಎಡಗೈಯ ಉಂಗುರದ ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಅವರು ಮೊದಲು ತಂತಿಯ ದಪ್ಪ ಕಡಿಮೆ ಮಾಡಿದರು. ಆಮೇಲೆ ಇಡೀ ವಾದ್ಯದ ಶ್ರುತಿಯನ್ನು ಅರ್ಧ ಸ್ವರ ಇಳಿಸಿದರು. ಬಿಗಿತವು ಕಂಪನ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ ಅಷ್ಟು ಮಾತ್ರಕ್ಕೇ ಎಳೆತ ನೂರಕ್ಕೆ ಸುಮಾರು 11ರಷ್ಟು ಇಳಿಯುತ್ತದೆ. ವಿಜ್ಞಾನದ ಮಾಸ್ತರನಾಗಿದ್ದ ನಾನು ಅವರ ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಲೆಕ್ಕ ಹಾಕಿ ತೋರಿಸಿದೆ, ಅವರ ಬೆರಳಿಗೆ ಅದು ಮೊದಲೇ ಗೊತ್ತಿತ್ತು. ವಯಸ್ಸಾದ ಭಾಗವತರು ಶ್ರುತಿ ಇಳಿಸಿಕೊಂಡು ಹಾಡುವಾಗ ನಾವು ಅದನ್ನು ಸೋಲೆಂದು ಎಣಿಸುತ್ತೇವೆಯೆ?

ಜಗತ್ತಿನ ದೊಡ್ಡ ವಾದಕರು ಮಾಡಿದ್ದೂ ಇದೇ ಬಗೆಯ ಕೆಲಸ. ಬರ್ಮಿಂಗ್‌ಹ್ಯಾಮ್‌ನ ಟೋನಿ ಅಯೋಮಿ 17ನೆಯ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈಯಿಂದ ಮೀಟುವ ಅವರಿಗೆ ಬಲಗೈಯೇ ಫ್ರೆಟ್‌ಗಳ (ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳ) ಮೇಲೆ ಓಡಾಡುವ ಕೈ. ಪ್ಲಾಸ್ಟಿಕ್ ಕರಗಿಸಿ ಬೆರಳ ತುದಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡು, ತೆಳು ತಂತಿ ಹಾಕಿ, ಶ್ರುತಿ ಇಳಿಸಿ ಅವರು ಕಟ್ಟಿದ ಗಂಭೀರ ನಾದವೇ ಹೆವಿ ಮೆಟಲ್ ಎಂಬ ಪ್ರಕಾರಕ್ಕೆ ತಳಪಾಯವಾಯಿತು. 2025ರ ಜುಲೈ 5ರಂದು, 77ನೆಯ ವಯಸ್ಸಿನಲ್ಲಿ, ಅವರು ತಮ್ಮದೇ ಊರಿನ ಕ್ರೀಡಾಂಗಣದಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಕೊನೆಯ ಕಾರ್ಯಕ್ರಮ ನುಡಿಸಿದರು. ಎರಿಕ್ ಕ್ಲಾಪ್ಟನ್ ತಮಗೆ ನರಗಳ ತೊಂದರೆಯಿದೆ, ಗಿಟಾರ್ ನುಡಿಸುವುದು ಕಷ್ಟವಾಗುತ್ತಿದೆ ಎಂದು 2016ರಲ್ಲಿ ಹೇಳಿಕೊಂಡರು. 2025ರ ಮೇ ತಿಂಗಳಲ್ಲಿ, 80 ತುಂಬಿದ ಮೇಲೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸುತ್ತಿದ್ದರು. ಬ್ರಯಾನ್ ಮೇ ಬಾಲಕನಾಗಿದ್ದಾಗ ತಂದೆಯ ಜೊತೆ ಸೇರಿ, ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರವನ್ನೂ ಬಳಸಿ, ಮನೆಯಲ್ಲಿಯೇ ಗಿಟಾರ್ ಮಾಡಿಕೊಂಡವರು. 2024ರಲ್ಲಿ ಅವರಿಗೆ ಲಘುವಾಗಿ ಪಾರ್ಶ್ವವಾಯು ಬಡಿದು ಎಡಗೈ ಹಿಡಿತ ತಪ್ಪಿತು. ಚೇತರಿಸಿಕೊಂಡು ಮರುವರ್ಷವೇ ವೇದಿಕೆಗೆ ಬಂದರು. ಇನ್ನು ರಾಕ್ ಹುಟ್ಟುವ ಮೊದಲೇ ಒಳಗೆ ಟೊಳ್ಳಿಲ್ಲದ ಇಡೀ ಮರದ ಎಲೆಕ್ಟ್ರಿಕ್ ಗಿಟಾರಿಗಾಗಿ ಶ್ರಮಿಸಿದ ಲೆಸ್ ಪಾಲ್ ಅವರ ಕಥೆಯನ್ನು ನನ್ನ ಸ್ನೇಹಿತರು ಪದೇಪದೇ ಹೇಳುತ್ತಾರೆ: 1948ರ ಕಾರು ಅಪಘಾತದಲ್ಲಿ ಬಲ ಮೊಣಕೈ ನುಚ್ಚುನೂರಾದಾಗ, ಕೈ ಇನ್ನು ಮಡಚುವುದಿಲ್ಲವೆಂದು ತಿಳಿದ ಅವರು ಗಿಟಾರ್ ಹಿಡಿಯುವ ಕೋನದಲ್ಲಿಯೇ ಅದನ್ನು ಕೂಡಿಸಿರೆಂದು ವೈದ್ಯರನ್ನು ಕೇಳಿಕೊಂಡರು. ಸಂಧಿವಾತದಿಂದ ಕೆಲವೇ ಬೆರಳುಗಳು ಮಾತು ಕೇಳುತ್ತಿದ್ದ ಕಾಲದಲ್ಲಿಯೂ ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಪ್ರತಿ ಸೋಮವಾರ ನುಡಿಸುತ್ತಿದ್ದ ಅವರು 2009ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕೀತ್ ರಿಚರ್ಡ್ಸ್ ವಿಷಯದಲ್ಲಿ ನನಗೊಂದು ಸ್ವಂತ ನೆನಪಿದೆ. 2003ರ ಏಪ್ರಿಲ್‌ನಲ್ಲಿ ಅವರ ರೋಲಿಂಗ್ ಸ್ಟೋನ್ಸ್ ತಂಡ ಬೆಂಗಳೂರಿಗೆ ಬಂದಾಗ ನಾನೂ ನನ್ನ ಸ್ನೇಹಿತರೂ ಕಾರವಾರದಿಂದ ರಾತ್ರಿ ಬಸ್ಸು ಹಿಡಿದು ಹೋಗಿದ್ದೆವು. ರಿಚರ್ಡ್ಸ್ ಅವರಿಗೆ ಆಗ 59 ವರ್ಷ. ನಮ್ಮ ಪಕ್ಕದಲ್ಲಿದ್ದವರು, ಮುದುಕರಾದರು, ಇದೇ ಕೊನೆ ಎಂದು ಮಾತನಾಡಿಕೊಳ್ಳುತ್ತಿದ್ದರು. ಆದರೆ 21 ವರ್ಷಗಳ ಬಳಿಕ, 2024ರಲ್ಲಿ, ಅದೇ ರಿಚರ್ಡ್ಸ್ 80ರ ವಯಸ್ಸಿನಲ್ಲಿ ಅಮೆರಿಕದ ಕ್ರೀಡಾಂಗಣಗಳಲ್ಲಿ ನುಡಿಸುತ್ತಿದ್ದರು. ತಮ್ಮ ಬೆರಳಿಗೆ ಬಂದಿರುವುದು ನೋವಿಲ್ಲದ ಬಗೆಯ ಸಂಧಿವಾತ, ಅದರಿಂದ ನುಡಿಸುವ ರೀತಿ ಬದಲಾದರೂ ಹೊಸತೇನನ್ನೋ ಕಲಿಸುತ್ತದೆ ಎಂಬರ್ಥದ ಮಾತನ್ನು ಅವರು 2023ರಲ್ಲಿ ಹೇಳಿದ್ದರು. 1960ರ ದಶಕದ ಕೊನೆಯಿಂದಲೂ ಅವರು ಹಲವು ಹಾಡುಗಳಿಗೆ ಅತಿ ದಪ್ಪದ ಆರನೆಯ ತಂತಿಯನ್ನು ತೆಗೆದುಹಾಕಿ, ಬೆರಳಿಡದೆ ಮೀಟಿದರೂ ಪೂರ್ಣ ಕಾರ್ಡ್ (ಹಲವು ಸ್ವರಗಳ ಒಟ್ಟು ನಾದ) ಕೇಳಿಸುವಂತೆ ಉಳಿದ ಐದನ್ನು ಶ್ರುತಿ ಮಾಡಿಕೊಳ್ಳುತ್ತಾರೆ. ಯೌವನದಲ್ಲಿ ನಾದಕ್ಕಾಗಿ ಆರಿಸಿಕೊಂಡ ಈ ಕ್ರಮದಲ್ಲಿ ಒಂದೆರಡು ಬೆರಳು ಇಟ್ಟರೂ ಸಂಗೀತ ಹೊರಡುತ್ತದೆ. ನನ್ನ ಸ್ನೇಹಿತರು ಕಳೆದ ಮಳೆಗಾಲದಲ್ಲಿ, 75 ದಾಟಿದ ಮೇಲೆ, ಈ ಐದು ತಂತಿಯ ಕ್ರಮವನ್ನು ಮೊದಲಿನಿಂದ ಕಲಿತರು. ಮೊದಲು ಒಂದೇ ಉಸಿರಿಗೆ ಇಪ್ಪತ್ತು ಸ್ವರಗಳನ್ನು ಉದುರಿಸುತ್ತಿದ್ದವರು ಈಗ ನಾಲ್ಕೈದು ಸ್ವರಗಳನ್ನಷ್ಟೇ ನುಡಿಸಿ, ಒಂದೊಂದೂ ಪೂರ್ತಿ ಕರಗುವವರೆಗೆ ಕಾಯುತ್ತಾರೆ. ಮೊದಲಿನ ವೇಗಕ್ಕೆ ಬೆರಗಾಗುತ್ತಿದ್ದ ನಾನು, ಈಗ ಅವರು ನುಡಿಸುವಾಗ ಮುಂದಿನ ಸ್ವರಕ್ಕಾಗಿ ಉಸಿರು ಹಿಡಿದು ಕೂರುತ್ತೇನೆ.

ಎಲ್ಲ ಹಿರಿಯರೂ ಕೊನೆಯವರೆಗೆ ನುಡಿಸಲೇಬೇಕೆಂದು ನಾನು ಹೇಳುತ್ತಿಲ್ಲ. ಕೈ ಸಾಗದಿದ್ದರೂ ಹೆಸರಿನ ಬಲದಿಂದ ದುಬಾರಿ ಟಿಕೆಟ್ ಮಾರುವವರು, ಧ್ವನಿಮುದ್ರಣ ಹಾಕಿಕೊಂಡು ನುಡಿಸುವಂತೆ ತೋರಿಸುವವರು ಇಲ್ಲವೆಂದಲ್ಲ, ಅಂಥದ್ದನ್ನು ಟೀಕಿಸುವ ಹಕ್ಕು ಕೇಳುಗನಿಗಿದೆ. ಕಾಯಿಲೆ ಬಿಡದಿದ್ದಾಗ ನಿಲ್ಲಿಸಿದವರೂ ಇದ್ದಾರೆ. ಎಸಿ/ಡಿಸಿ ಎಂಬ ರಾಕ್ ತಂಡದ ಮಾಲ್ಕಮ್ ಯಂಗ್ ಮರೆವಿನ ರೋಗದಿಂದಾಗಿ 2014ರಲ್ಲಿ ತಂಡ ಬಿಟ್ಟರು. ಚೆನ್ನಾಗಿ ನುಡಿಸಿದರೋ ಇಲ್ಲವೋ ಎಂದು ಕಿವಿಯಾರೆ ಕೇಳಿ ತೀರ್ಮಾನಿಸುವುದು ನ್ಯಾಯ, ಜನ್ಮದಿನಾಂಕ ನೋಡಿ ತೀರ್ಮಾನಿಸುವುದು ಅನ್ಯಾಯ. ಕಿರಿಯರಿಗೆ ಜಾಗ ಬಿಡಬೇಕೆಂಬ ವಾದವೂ ನಮ್ಮ ಊರಿನ ಮಟ್ಟಿಗೆ ನಿಲ್ಲುವುದಿಲ್ಲ. ಅಂದು ಅವರ ಜೊತೆ ನುಡಿಸಲು ಸಿದ್ಧರಾಗಿ ಬಂದಿದ್ದ ಇಬ್ಬರೂ ಇಪ್ಪತ್ತೈದರೊಳಗಿನ ಹುಡುಗರು. ಹಿರಿಯರ ಹದಿನೈದು ನಿಮಿಷ ಹೋದಾಗ ಅವರ ಹದಿನೈದು ನಿಮಿಷವೂ ಹೋಯಿತು. ಶಿಲ್ಲಾಂಗಿನ ಲೂ ಮಜಾವ್ ಅವರು 1972ರಿಂದ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಜನ್ಮದಿನವಾದ ಮೇ 24ರಂದು ಗಿಟಾರ್ ಹಿಡಿದು ಹಾಡುತ್ತ ಬಂದಿದ್ದಾರೆ. ಅವರು ಹುಟ್ಟಿದ್ದು 1947ರಲ್ಲಿ. ಆ ಗುಡ್ಡದ ಊರು ತನ್ನ ಹಿರಿಯನನ್ನು ಹೀಗೆ ಕೇಳುತ್ತ ಬಂದಿರುವಾಗ ಕಡಲ ಊರಾದ ಕಾರವಾರಕ್ಕೆ ಅದು ಆಗದ ಕೆಲಸವಲ್ಲ.

ನಮ್ಮಲ್ಲಿ ಠಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯಿದೆ, ತಾಲ್ಲೂಕು ತಾಲ್ಲೂಕುಗಳಲ್ಲಿ ಉತ್ಸವಗಳು ನಡೆಯುತ್ತವೆ. ಇವುಗಳನ್ನು ನಡೆಸುವ ಎಲ್ಲರಲ್ಲಿಯೂ ನನ್ನ ವಿನಂತಿ ಇಷ್ಟು. ಹಿರಿಯ ವಾದಕರನ್ನು ಕರೆದರೆ ಅವರ ವಾದನವನ್ನು ಆಮಂತ್ರಣ ಪತ್ರಿಕೆಯಲ್ಲಿ ಸಮಯಸಹಿತ ಮುದ್ರಿಸಿ, ಆ ಸಮಯವನ್ನು ಭಾಷಣಗಳಿಗೆ ಕೊಡಬೇಡಿ. ರಾತ್ರಿ 10ರ ಬಳಿಕ ಧ್ವನಿವರ್ಧಕ ಬಳಸಬಾರದೆಂಬ ನಿಯಮವಿರುವುದರಿಂದ ತಡವಾದ ಕಾರ್ಯಕ್ರಮದಲ್ಲಿ ಮೊದಲು ಕತ್ತರಿ ಬೀಳುವುದು ಸ್ಥಳೀಯರಿಗೇ. ಅವರನ್ನು ಸಂಜೆ 7 ಗಂಟೆಗೆ ಕೂರಿಸಿ. ಸಂಭಾವನೆಯನ್ನು ಹಣ್ಣಿನ ರೂಪದಲ್ಲಿ ಕೊಡಬೇಡಿ. ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ: ತೇವದ ಗಾಳಿಯಿರುವ ಕಡಲತೀರದಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಸ್ಪೀಕರ್ ಗುಂಯ್‌ಗುಡುವುದಷ್ಟೇ ಅಲ್ಲ, ಉಕ್ಕಿನ ತಂತಿ ಹಿಡಿದು ಮೈಕ್ ಮುಟ್ಟಿದವರ ಜೀವಕ್ಕೇ ಅಪಾಯವಿದೆ. 1972ರಲ್ಲಿ ಬ್ರಿಟನ್ನಿನ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕರು ವೇದಿಕೆಯ ಮೇಲೆ ಹೀಗೆಯೇ ವಿದ್ಯುತ್ ತಗುಲಿ ತೀರಿಕೊಂಡರು. ಆಗ ಅವರಿನ್ನೂ ಮೂವತ್ತರೊಳಗಿನವರು.

ತಮ್ಮ ಪತ್ರಿಕೆಯಿಂದಲೂ ಒಂದು ಉಪಕಾರವಾಗಬೇಕು. ಜಿಲ್ಲೆಯಲ್ಲಿ ನಡೆಯುವ ಸನ್ಮಾನಗಳ ಫೋಟೊ ಹಾಕುವಾಗ, ಸನ್ಮಾನಿತರು ಅಂದು ಏನು ನುಡಿಸಿದರು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ನುಡಿಸದಿದ್ದರೆ ಅದನ್ನೂ ಬರೆಯಿರಿ. ನನ್ನ ಸ್ನೇಹಿತರು ಬರುವ ಚಳಿಗಾಲದ ಯಾವ ಸಂಜೆಯಾದರೂ ನುಡಿಸಲು ಸಿದ್ಧರಿದ್ದಾರೆ. ಅವರದೇ ಆಂಪ್ಲಿಫೈಯರ್ ಇದೆ, ಆ ಇಬ್ಬರು ಹುಡುಗರೂ ಇದ್ದಾರೆ. ಹೆಗಲ ನೋವಿನಿಂದಾಗಿ ಈಗ ಕುಳಿತು ನುಡಿಸುವುದರಿಂದ ಕೈಯಿಲ್ಲದ ಒಂದು ಕುರ್ಚಿ ಬೇಕು. ವೇದಿಕೆಗಳಲ್ಲಿ ಗಣ್ಯರಿಗೆಂದು ಹಾಕುವ ಕೈಯಿರುವ ದೊಡ್ಡ ಕುರ್ಚಿಯಲ್ಲಿ ಗಿಟಾರ್ ತೊಡೆಯ ಮೇಲೆ ಕೂರುವುದಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಕಾರವಾರ